ಮೂರು ಕಾಸಿನ ತೀರ್ಪು

ಪುತ್ತೂರಿನ ಕಡೆಯ ಅಡಿಕೆ ತೋಟವೊಂದರಲ್ಲಿ ಬೆಳೆದವನು ನಾನು. 1970ರ ದಶಕದ ನಡುವಿನಲ್ಲಿ ನಮ್ಮ ತಂದೆಯವರು ಅಡಿಕೆ ಮರಗಳ ನೆಳಲಿನಲ್ಲಿ ಕೋಕೋ ಸಸಿಗಳನ್ನು ನೆಟ್ಟರು. ಆ ಬೆಳೆ ನಮ್ಮ ಸೀಮೆಗೆ ಹೊಸದು. ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿ, ಒಡೆದರೆ ಬಿಳಿಯ ಲೋಳೆಯಲ್ಲಿ ಹುದುಗಿರುವ ಬೀಜ, ಬಾಳೆಯೆಲೆ ಮುಚ್ಚಿ ಹುಳಿಬರಿಸಿದಾಗ ಅಂಗಳದ ತುಂಬ ಹರಡುವ ಘಾಟು, ಇವೆಲ್ಲ ನಮಗೆ ಸೋಜಿಗ. ಮಕ್ಕಳಾದ ನಾವು ಬೀಜದ ಮೇಲಿನ ಸಿಹಿಯನ್ನು ಚೀಪಿ ಬೀಜವನ್ನು ಬುಟ್ಟಿಗೆ ಉಗಿಯುತ್ತಿದ್ದೆವು. ಆ ಬೀಜ ಮುಂದೆ ಎಲ್ಲಿಗೆ ಹೋಗಿ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲಿ ಕಂಡವರಿರಲಿಲ್ಲ. ಕೆಲವು ವರ್ಷಗಳು ಕಳೆದವು. ಒಂದು ದಿನ, ಬೀಜ ಕೊಳ್ಳುತ್ತಿದ್ದವರು ಇನ್ನು ಬೇಡ ಎಂದರು. ಏಕೆ ಎಂದು ತಂದೆಯವರು ಕೇಳಿದರು. ಬಂದಿದ್ದಾತ ಸಜ್ಜನ. “ನಾನೇನು ಮಾಡಲಿ, ಮೇಲಿನವರ ತೀರ್ಮಾನ” ಎಂದು ತಲೆತಗ್ಗಿಸಿದ. ಆ ಮೇಲಿನವರು ಯಾರು, ಎಲ್ಲಿ ಕುಳಿತು ತೀರ್ಮಾನಿಸಿದರು ಎಂಬುದು ನಮಗೆ ತಿಳಿಯಲಿಲ್ಲ. ಆ ವರ್ಷದ ಕಾಯಿ ಅಳಿಲುಗಳ ಪಾಲಾಯಿತು.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ವ್ಯಾಪಾರದ ಶಾಸ್ತ್ರ ತಿಳಿಯದು. ಆದರೆ ‘ಮೇಲಿನವರು’ ಎಂಬ ಆ ಮಾತು ಮನಸ್ಸಿನಲ್ಲಿ ಉಳಿದಿತ್ತು. ವಿಶ್ರಾಂತಿಯ ದಿನಗಳಲ್ಲಿ ಕೋಕೋವಿನ ಚರಿತ್ರೆಯನ್ನು ಓದತೊಡಗಿದಾಗ, ನೂರು ವರ್ಷಗಳಿಗೂ ಹಿಂದೆ ಅಂಥ ಮೇಲಿನವರು ಕೆಲವರು ಒಂದೇ ಮೇಜಿನ ಸುತ್ತ ಕುಳಿತ ಪ್ರಸಂಗವೊಂದು ಎದುರಾಯಿತು. ಅವರು ಕುಳಿತದ್ದು ಬೆಲೆಯ ಮಾತಿಗಲ್ಲ, ಗುಲಾಮಗಿರಿಯ ವಿಚಾರಕ್ಕೆ. ಒಂದೇ ಉದ್ದಿಮೆಯಲ್ಲಿ ಪೈಪೋಟಿ ನಡೆಸುವ ಕಂಪೆನಿಗಳು ನ್ಯಾಯದ ಪ್ರಶ್ನೆಯೊಂದಕ್ಕಾಗಿ ಕೈಜೋಡಿಸಬೇಕು ಎಂಬುದು ಇಂದು ಪದೇ ಪದೇ ಕೇಳಿಬರುವ ಮಾತು. ಹಾಗೆ ಕೈಜೋಡಿಸಿದಾಗ ಆಗುವ ಒಳಿತೇನು, ಒದಗುವ ಅಪಾಯವೇನು ಎಂಬುದನ್ನು ಆ ಹಳೆಯ ಪ್ರಸಂಗ ಚೆನ್ನಾಗಿ ತೋರಿಸಿಕೊಡುತ್ತದೆ. ಅದನ್ನೇ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಆಫ್ರಿಕದ ಪಶ್ಚಿಮ ಕರಾವಳಿಯ ಆಚೆ, ಭೂಮಧ್ಯರೇಖೆಯ ನೆರೆಯಲ್ಲಿ, ಸಾವೊ ತೊಮೆ ಮತ್ತು ಪ್ರಿನ್ಸಿಪೆ ಎಂಬ ಎರಡು ಸಣ್ಣ ದ್ವೀಪಗಳಿವೆ. 1975ರವರೆಗೆ ಅವು ಪೋರ್ಚುಗಲ್ಲಿನ ವಸಾಹತು. ಬೆಂಕಿಬೆಟ್ಟದ ಫಲವತ್ತಾದ ಮಣ್ಣು, ಧಾರಾಳವಾದ ಮಳೆ. 20ನೆಯ ಶತಮಾನ ಹುಟ್ಟುವ ವೇಳೆಗೆ ಅವು ಲೋಕದ ದೊಡ್ಡ ಕೋಕೋ ಸೀಮೆಗಳಲ್ಲಿ ಸೇರಿದ್ದವು. ಮಣ್ಣೂ ಮಳೆಯೂ ಅಲ್ಲಿಯವೇ; ದುಡಿಯುವ ಕೈಗಳು ಮಾತ್ರ ಹೊರಗಿನವು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1870ರ ದಶಕದಲ್ಲಿಯೇ ಕಾನೂನಿನಿಂದ ಕೊನೆಗಾಣಿಸಿತ್ತು. ಅದರ ಸ್ಥಾನಕ್ಕೆ ಬಂದದ್ದು ಕರಾರು. ಅಂಗೋಲದ ಒಳನಾಡಿನಲ್ಲಿ ಕೊಂಡ, ಹಿಡಿದ, ಸಾಲಕ್ಕೆ ಒತ್ತೆಯಾಗಿ ಪಡೆದ ಜನರನ್ನು ನೂರಾರು ಮೈಲಿ ನಡೆಸಿ ಕಡಲ ತೀರಕ್ಕೆ ತರುತ್ತಿದ್ದರು. ಅಲ್ಲಿ ಸರ್ಕಾರದ ಅಧಿಕಾರಿಯ ಮುಂದೆ ಸಾಲಾಗಿ ನಿಲ್ಲಿಸಿ, ದ್ವೀಪಕ್ಕೆ ಹೋಗಲು ಒಪ್ಪಿಗೆಯೇ ಎಂದು ಕೇಳುವ ಶಾಸ್ತ್ರ ನಡೆಯುತ್ತಿತ್ತು. ಅವರು ಏನೆಂದರೂ, ಏನೂ ಅನ್ನದಿದ್ದರೂ, ಕಾಗದದಲ್ಲಿ ಬರೆದುಕೊಳ್ಳುತ್ತಿದ್ದದ್ದು ಒಪ್ಪಿಗೆ ಎಂದೇ. ಆಮೇಲೆ ಕೊರಳಿಗೆ ಸಂಖ್ಯೆ ಕೊರೆದ ತಗಡಿನ ಬಿಲ್ಲೆಯೊಂದು, ಕರಾರಿನ ವಿವರವನ್ನು ಸುರುಳಿ ಸುತ್ತಿ ತುಂಬಿದ ತಗಡಿನ ಕೊಳವೆಯೊಂದು. ಕಡತದಲ್ಲಿ ಆ ಮನುಷ್ಯನ ಹೆಸರು ‘ಸೆರ್ವಿಸಾಲ್’, ಎಂದರೆ ಸೇವಕ. ಕರಾರಿನ ಅವಧಿ ಐದು ವರ್ಷ. ಅದು ತುಂಬಿದಾಗ ತಾನಾಗಿಯೇ ಮತ್ತೆ ಐದು ವರ್ಷಕ್ಕೆ ಮುಂದುವರಿಯುತ್ತಿತ್ತು. ವರ್ಷಕ್ಕೆ ಸುಮಾರು 4,000 ಮಂದಿ ಹೀಗೆ ಹಡಗು ಹತ್ತುತ್ತಿದ್ದರು. ಹಿಂದಿರುಗಿ ಬಂದವರು ಇಲ್ಲವೆನ್ನುವಷ್ಟು ಕಡಮೆ.

ಕರಾರಿನ ಕೂಲಿಯ ಕಥೆ ನಮಗೇನೂ ಅಪರಿಚಿತವಲ್ಲ. ನಮ್ಮ ದೇಶದಿಂದಲೂ ಲಕ್ಷಾಂತರ ಜನ ಹೆಬ್ಬೆಟ್ಟು ಒತ್ತಿ ಮಾರಿಷಸ್ಸಿಗೆ, ಫಿಜಿಗೆ, ನತಾಲಿಗೆ ಹೋದರು. ನತಾಲಿಗೆ ಆಳು ಕಳಿಸುವುದನ್ನು ನಿಲ್ಲಿಸಬೇಕೆಂದು ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ವಾದಿಸಿದ್ದು 1910ರಲ್ಲಿ. ನಾನು ಹೇಳುತ್ತಿರುವ ಕಥೆ ಮುಗಿಯುವ ಹೊತ್ತಿನಲ್ಲಿ. ಆದರೆ ನಮ್ಮವರಲ್ಲಿ ಕೆಲವರಾದರೂ ಅವಧಿ ತೀರಿದ ಮೇಲೆ ಊರಿಗೆ ಮರಳಿದರು. ಸಾವೊ ತೊಮೆಯ ಕರಾರಿಗೆ ಆ ಬಾಗಿಲೂ ಇರಲಿಲ್ಲ.

ಈ ದ್ವೀಪಗಳ ಕೋಕೋವನ್ನು ಕೊಳ್ಳುತ್ತಿದ್ದವರಲ್ಲಿ ಇಂಗ್ಲೆಂಡಿನ ಮೂರು ಮನೆತನಗಳು ಮುಖ್ಯ. ಬರ್ಮಿಂಗ್‌ಹ್ಯಾಮ್ ಬಳಿಯ ಬೋರ್ನ್‌ವಿಲ್ಲಿನ ಕ್ಯಾಡ್ಬರಿ, ಬ್ರಿಸ್ಟಲಿನ ಫ್ರೈ, ಯಾರ್ಕಿನ ರೌನ್‌ಟ್ರೀ. ಮೂವರೂ ಕ್ವೇಕರರು. ಪುರೋಹಿತರಿಲ್ಲದ, ಆಣೆ ಪ್ರಮಾಣ ಮಾಡದ, ಯುದ್ಧವನ್ನು ಒಪ್ಪದ, ಸರಳವಾಗಿ ಬದುಕಬೇಕೆನ್ನುವ ಕ್ರೈಸ್ತ ಪಂಥ ಅದು. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಸೇರಿದ ಹನ್ನೆರಡು ಮಂದಿಯ ಸಮಿತಿಯಲ್ಲಿ ಒಂಬತ್ತು ಮಂದಿ ಕ್ವೇಕರರೇ. ಈ ಮನೆತನಗಳ ಕಾರ್ಖಾನೆಗಳೂ ಆ ಕಾಲಕ್ಕೆ ಮಾದರಿಯವು. ಬೋರ್ನ್‌ವಿಲ್ಲಿನಲ್ಲಿ ಮನೆಗಳು, ತೋಟಗಳು, ಆಟದ ಬಯಲು. ಯಾರ್ಕ್ ಪಟ್ಟಣದ ಬಡತನವನ್ನು ಮನೆಮನೆಗೆ ಹೋಗಿ ಅಳೆದು 1901ರಲ್ಲಿ ಗ್ರಂಥ ಪ್ರಕಟಿಸಿದ ಸೀಬೋಮ್ ರೌನ್‌ಟ್ರೀ ಆ ಮನೆತನದವರೇ. ಆದ್ದರಿಂದ ಈ ಕಥೆಯಲ್ಲಿ ಕಟುಕರನ್ನು ಹುಡುಕಿ ಪ್ರಯೋಜನವಿಲ್ಲ. ಒಳ್ಳೆಯವರ ಕಥೆಯಾದ್ದರಿಂದಲೇ ಇದು ಯೋಚಿಸತಕ್ಕ ಕಥೆ.

1901ರ ಆರಂಭದಲ್ಲಿ ವಿಲಿಯಂ ಕ್ಯಾಡ್ಬರಿ ಎಂಬ ತರುಣ ನಿರ್ದೇಶಕರು ಟ್ರಿನಿಡಾಡಿಗೆ ಹೋಗಿದ್ದರು. ಸಾವೊ ತೊಮೆಯ ತೋಟಗಳಲ್ಲಿ ಗುಲಾಮರಿದ್ದಾರೆ ಎಂಬ ಮಾತು ಅಲ್ಲಿ ಕಿವಿಗೆ ಬಿತ್ತು. ಕೆಲಕಾಲದಲ್ಲಿಯೇ ಆ ದ್ವೀಪದ ತೋಟವೊಂದರ ಮಾರಾಟದ ಪಟ್ಟಿ ಅವರ ಮೇಜಿಗೆ ಬಂದಿತು. ಆಸ್ತಿಯ ವಿವರದಲ್ಲಿ ಒಂದು ಸಾಲು: ಕರಿಯ ಕೂಲಿಗಳು 200, ಬೆಲೆ 3,555 ಪೌಂಡು. ತಲೆಯೊಂದಕ್ಕೆ 18 ಪೌಂಡಿಗೂ ಕಡಮೆ. ಪದಗಳ ಜೊತೆ ಬಾಳಿದವನಾದ ನನಗೆ ಆ ಸಾಲನ್ನು ಓದಿದಾಗ ಮೈ ಜುಮ್ಮೆಂದಿತು. ಕರಾರು ಮಾಡಿಕೊಂಡವನ ದುಡಿಮೆಗೆ ಬೆಲೆಯಿರಬಹುದು. ಆಸ್ತಿಯ ಪಟ್ಟಿಯಲ್ಲಿ ಮನುಷ್ಯನಿಗೇ ಬೆಲೆ ಕಟ್ಟಿದರೆ ಅವನಿಗೆ ಬೇರೆ ಹೆಸರೇನಿದೆ? ಕಾನೂನು ಸೇವಕ ಎಂದು ಬರೆದದ್ದನ್ನು ಲೆಕ್ಕದ ಪುಸ್ತಕ ನಿಜವಾದ ಅರ್ಥದಲ್ಲಿ ಬರೆದುಬಿಟ್ಟಿತ್ತು.

ಕ್ಯಾಡ್ಬರಿಯವರು ಆ ಕಾಗದವನ್ನು ಮುಚ್ಚಿಡಲಿಲ್ಲ. ವಿಚಾರಣೆಗೆ ತೊಡಗಿದರು, ಪೈಪೋಟಿಗಾರರಾದ ಫ್ರೈ ಮತ್ತು ರೌನ್‌ಟ್ರೀಯವರನ್ನೂ ಜೊತೆಗೆ ಕರೆದರು. ಮುಂದೆ ಜರ್ಮನಿಯ ಸ್ಟಾಲ್‌ವೆರ್ಕ್ ಕಂಪೆನಿಯೂ ಸೇರಿತು. ಈ ಕೂಟದ ತರ್ಕ ಗಟ್ಟಿಯಾದದ್ದೇ. ಒಬ್ಬನೇ ಕೊಳ್ಳುವುದನ್ನು ಬಿಟ್ಟರೆ ಆ ಮಾಲು ಇನ್ನೊಬ್ಬನ ಉಗ್ರಾಣಕ್ಕೆ ಹೋಗುತ್ತದೆ. ಬಿಟ್ಟವನ ಮನಸ್ಸು ಶುದ್ಧವಾದೀತೇ ಹೊರತು ತೋಟದಲ್ಲಿ ಒಂದು ಕೋಳವೂ ಕಳಚುವುದಿಲ್ಲ. ಎಲ್ಲರೂ ಸೇರಿ ನಿಂತರೆ ತೋಟದೊಡೆಯ ಕಿವಿಗೊಡಲೇಬೇಕು. ಕೊಳ್ಳುಗರಾಗಿ ಉಳಿದಷ್ಟು ಕಾಲ ಮಾತ್ರ ನಮ್ಮ ಮಾತಿಗೆ ತೂಕ ಎಂದು ಅವರು ನಂಬಿದರು. 1903ರಲ್ಲಿ ವಿಲಿಯಂ ಕ್ಯಾಡ್ಬರಿ ಲಿಸ್ಬನ್ನಿಗೆ ಹೋದರು. ಆಳುಗಳನ್ನು ಊರಿಗೆ ಮರಳಿಸುವ ಕುರಿತು ಹೊಸ ಕಾನೂನು ಆಗಷ್ಟೇ ಬಂದಿದೆ, ಒಂದು ವರ್ಷ ಕಾದು ನೋಡಿ ಎಂದು ಅಲ್ಲಿನ ಬ್ರಿಟಿಷ್ ರಾಯಭಾರಿ ಸಲಹೆಯಿತ್ತರು. ತೋಟದೊಡೆಯರು, ಬೇಕಾದರೆ ಬಂದು ಕಣ್ಣಾರೆ ಪರೀಕ್ಷಿಸಿ ಎಂದರು. ಕೂಟ ಕಾಯಿತು. ಅನಂತರ ಪರೀಕ್ಷೆಗೆ ಒಬ್ಬರನ್ನು ಕಳಿಸಲು ನಿಶ್ಚಯಿಸಿತು.

ಆ ಒಬ್ಬರು ಜೋಸೆಫ್ ಬರ್ಟ್. ಅವರೂ ಕ್ವೇಕರರು, ನಿಧಾನಸ್ಥರು, ಪ್ರಾಮಾಣಿಕರು. ಮೊದಲು ಪೋರ್ಚುಗಲ್ಲಿನಲ್ಲಿ ನಿಂತು ಭಾಷೆ ಕಲಿತರು. 1905ರಲ್ಲಿ ದ್ವೀಪಗಳಿಗೆ ಹೋಗಿ ತಿಂಗಳುಗಟ್ಟಲೆ ತೋಟಗಳನ್ನು ನೋಡಿದರು. ಆಮೇಲೆ ಅಂಗೋಲದ ಒಳನಾಡು, ಅಲ್ಲಿಂದ ಮೊಜಾಂಬಿಕ್, ದಕ್ಷಿಣ ಆಫ್ರಿಕ. ಊರಿಗೆ ಮರಳಿದಾಗ 1907. ಬಂದು ಹೇಳಿದ್ದೇನು? ಮಾರಾಟದ ಪಟ್ಟಿ ಆರು ವರ್ಷಗಳ ಹಿಂದೆ ಒಂದೇ ಸಾಲಿನಲ್ಲಿ ಹೇಳಿದ್ದನ್ನೇ.

ಈ ನಡುವೆ ಇನ್ನೊಬ್ಬ ಪ್ರವಾಸಿ ಅದೇ ದಾರಿಯಲ್ಲಿ ಹೋಗಿಬಂದಿದ್ದ. ಹೆನ್ರಿ ನೆವಿನ್ಸನ್ ಎಂಬ ಪತ್ರಿಕೋದ್ಯೋಗಿ. ಇವರ ಹೆಸರು ನಮ್ಮ ಸ್ವಾತಂತ್ರ್ಯ ಚಳವಳಿಯ ಚರಿತ್ರೆ ಓದಿದವರಿಗೆ ಪರಿಚಿತ. 1907ರಲ್ಲಿ ಭಾರತಕ್ಕೆ ಬಂದು, ಸೂರತ್ತಿನ ಕಾಂಗ್ರೆಸ್ ಅಧಿವೇಶನ ಒಡೆದುಹೋದದ್ದನ್ನು ಕಂಡು ಬರೆದವರು. ಅದಕ್ಕೆ ಮುಂಚೆ, 1904ರ ಕೊನೆಯಲ್ಲಿ, ಅಮೆರಿಕದ ಮಾಸಪತ್ರಿಕೆಯೊಂದರ ಪರವಾಗಿ ಅಂಗೋಲಕ್ಕೆ ಹೊರಟರು. ಒಳನಾಡಿನ ದಾರಿಯಲ್ಲಿ ಮರದ ಕೊಂಬೆಗಳಿಗೆ ನೇತುಹಾಕಿದ ಮರದ ಕೋಳಗಳನ್ನೂ, ನಡೆಯಲಾರದೆ ಬಿದ್ದವರ ಎಲುಬುಗಳನ್ನೂ ಕಂಡರು. ಕಂಡದ್ದನ್ನು 1905ರಿಂದಲೇ ಲೇಖನಗಳಾಗಿ ಪ್ರಕಟಿಸಿದರು. 1906ರಲ್ಲಿ ಅದು ಪುಸ್ತಕವಾಯಿತು. ಅವರು ಬಳಸಿದ ಪದ ಗುಲಾಮಗಿರಿ. ಅದಕ್ಕೆ ಯಾವ ವಿಶೇಷಣದ ಮುಸುಕನ್ನೂ ಹೊದಿಸಲಿಲ್ಲ. ನೆವಿನ್ಸನ್ ಒಬ್ಬಂಟಿಗ. ಅವರು ಯಾರ ಒಪ್ಪಿಗೆಗೂ ಕಾಯಬೇಕಾಗಿರಲಿಲ್ಲ. ಬರ್ಟ್ ಅವರ ಹಿಂದೆ ನಾಲ್ಕು ಕಂಪೆನಿಗಳಿದ್ದವು.

ನಾಲ್ಕು ಕಂಪೆನಿಗಳಷ್ಟೇ ಅಲ್ಲ, ಒಂದು ಸರ್ಕಾರವೂ ಇತ್ತು. ಬರ್ಟ್ ಅವರ ವರದಿಯನ್ನು ಕೂಟದವರು ವಿದೇಶಾಂಗ ಇಲಾಖೆಗೆ ಒಪ್ಪಿಸಿದರು. ಸರ್ ಎಡ್ವರ್ಡ್ ಗ್ರೇ ಆಗ ವಿದೇಶಾಂಗ ಮಂತ್ರಿ. ಪೋರ್ಚುಗಲ್ ಬ್ರಿಟನ್ನಿನ ಹಳೆಯ ಮಿತ್ರರಾಷ್ಟ್ರ. ಪೋರ್ಚುಗೀಸರ ಮನಸ್ಸಿಗೆ ನೋವಾಗುವಂಥ ಭಾಗಗಳನ್ನು ಮೃದುಮಾಡಿದರೆ ಲೇಸು ಎಂದು ಇಲಾಖೆ ಸೂಚಿಸಿತು. ಮೃದುವಾದ ವರದಿ 1907ರ ಕೊನೆಗೆ ಲಿಸ್ಬನ್ನಿಗೆ ಹೋಯಿತು. ತೋಟದೊಡೆಯರು ಸುಧಾರಣೆಯ ಮಾತು ಕೊಟ್ಟರು. ಮರುವರ್ಷ ಫೆಬ್ರುವರಿ 1ರಂದು ಲಿಸ್ಬನ್ನಿನ ಬೀದಿಯಲ್ಲಿ ದೊರೆ ಕಾರ್ಲೋಸರ ಕೊಲೆಯಾಯಿತು. ಕೊಟ್ಟ ಮಾತು ಆ ಗದ್ದಲದಲ್ಲಿ ಅಡಗಿತು. ಕೂಟ ಮತ್ತೆ ಕಾಯಿತು. ಎಂಟು ವರ್ಷಗಳ ಈ ಕಾಲದಲ್ಲಿ ಕಾಯಲು ಪ್ರತಿ ಸಲವೂ ಒಂದು ಯೋಗ್ಯವಾದ ಕಾರಣವಿತ್ತು ಎಂಬುದನ್ನು ತಾವು ಗಮನಿಸಬೇಕು. ಒಮ್ಮೆ ಹೊಸ ಕಾನೂನು, ಒಮ್ಮೆ ಪರೀಕ್ಷಕನ ಪ್ರವಾಸ, ಒಮ್ಮೆ ರಾಯಭಾರದ ಮರ್ಯಾದೆ, ಒಮ್ಮೆ ರಾಜನ ಮರಣ. ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಗಾದೆ. ಇಲ್ಲಿ ನಾಳೆ ಎಂದವರೊಬ್ಬರು; ಹಾಳಾದ ಮನೆಗಳು ಇನ್ನೊಬ್ಬರವು.

1908ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ‘ಸ್ಟಾಂಡರ್ಡ್’ ಪತ್ರಿಕೆ ಒಂದು ಸಂಪಾದಕೀಯ ಬರೆಯಿತು. ಅದು ಕನ್ಸರ್ವೇಟಿವ್ ಪಕ್ಷದ ಪತ್ರಿಕೆ. ವಿಲಿಯಮರ ಚಿಕ್ಕಪ್ಪ ಜಾರ್ಜ್ ಕ್ಯಾಡ್ಬರಿಯವರು ಲಿಬರಲ್ ಪಕ್ಷದ ‘ಡೈಲಿ ನ್ಯೂಸ್’ ಪತ್ರಿಕೆಯ ಒಡೆಯರು. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಚೀನೀ ಕೂಲಿಗಳನ್ನು ಕರಾರಿನ ಮೇಲೆ ದುಡಿಸುವುದು ಗುಲಾಮಗಿರಿಯೆಂದು ಆ ಪತ್ರಿಕೆ ದೊಡ್ಡ ಗಂಟಲಿನಲ್ಲಿ ಸಾರಿತ್ತು. ಚೀನೀಯರಿಗಾಗಿ ಕಣ್ಣೀರಿಟ್ಟ ಮಹನೀಯರು ತಮ್ಮ ಕೋಕೋ ಬೆಳೆಯುವ ಆಫ್ರಿಕನರ ವಿಷಯದಲ್ಲಿ ಇಷ್ಟು ಶಾಂತರಾಗಿರುವುದು ಹೇಗೆ ಎಂಬುದು ಸ್ಟಾಂಡರ್ಡಿನ ಚುಚ್ಚುಮಾತು. ರಾಜಕೀಯದ ವಿಷ ಅದರಲ್ಲಿದ್ದದ್ದು ನಿಜ. ಪ್ರಶ್ನೆ ಮಾತ್ರ ಸುಳ್ಳಾಗಿರಲಿಲ್ಲ. ಕ್ಯಾಡ್ಬರಿಯವರು ಮಾನನಷ್ಟದ ದಾವೆ ಹೂಡಿದರು. ಆ ಚಳಿಗಾಲದಲ್ಲಿ ವಿಲಿಯಂ ಕ್ಯಾಡ್ಬರಿ ಬರ್ಟ್ ಅವರೊಂದಿಗೆ ತಾವೇ ದ್ವೀಪಗಳಿಗೆ ಹೋಗಿ ನೋಡಿಬಂದರು. 1909ರ ಮಾರ್ಚಿನಲ್ಲಿ ಮೂರು ಇಂಗ್ಲಿಷ್ ಕಂಪೆನಿಗಳೂ ಸಾವೊ ತೊಮೆಯ ಕೋಕೋವನ್ನು ಇನ್ನು ಕೊಳ್ಳುವುದಿಲ್ಲವೆಂದು ಘೋಷಿಸಿದುವು. ಸ್ಟಾಲ್‌ವೆರ್ಕ್ ಕೂಡ ಜೊತೆಗೂಡಿತು.

ದಾವೆ ಆ ವರ್ಷದ ನವೆಂಬರ್ ಕೊನೆಗೆ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಿತು. ಕ್ಯಾಡ್ಬರಿಯವರ ಪರ ವಕೀಲರು ರೂಫಸ್ ಐಸಾಕ್ಸ್. ಮುಂದೆ ಲಾರ್ಡ್ ರೀಡಿಂಗ್ ಎಂಬ ಹೆಸರಿನಿಂದ 1921ರಿಂದ 1926ರವರೆಗೆ ನಮ್ಮ ವೈಸರಾಯರಾಗಿದ್ದವರು ಇವರೇ. 1922ರಲ್ಲಿ ಗಾಂಧೀಜಿಯವರಿಗೆ ಆರು ವರ್ಷದ ಸೆರೆವಾಸವಾದದ್ದು ಇವರ ಕಾಲದಲ್ಲಿ. ಪತ್ರಿಕೆಯ ಪರ ಎಡ್ವರ್ಡ್ ಕಾರ್ಸನ್. ಆಸ್ಕರ್ ವೈಲ್ಡ್ ಎಂಬ ಮಾತಿನ ಮಲ್ಲನನ್ನು 1895ರಲ್ಲಿ ಪಾಟೀಸವಾಲಿನಿಂದ ನೆಲಕ್ಕೆ ಕೆಡವಿದವರು. ವಿಲಿಯಂ ಕ್ಯಾಡ್ಬರಿ ಸಾಕ್ಷಿಯ ಕಟ್ಟೆಯಲ್ಲಿ ನಿಂತರು. ಅಲ್ಲಿರುವುದು ಗುಲಾಮಗಿರಿಯೆಂದು ತಮಗೆ ತಿಳಿದಿತ್ತೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ತಿಳಿದ ಮೇಲೂ ಕೊಳ್ಳುತ್ತಲೇ ಇದ್ದಿರಾ ಎಂಬುದು ಕಾರ್ಸನ್ನರ ಹಿಡಿತ. ಕೊನೆಗೊಂದು ಪ್ರಶ್ನೆ: 1901ರಿಂದ 1908ರವರೆಗೆ ನಿಮ್ಮ ಕೋಕೋವನ್ನು ಸಿದ್ಧಪಡಿಸುವಲ್ಲಿ ಎಷ್ಟು ಮಂದಿ ಗುಲಾಮರು ಪ್ರಾಣ ಕಳೆದುಕೊಂಡರೆಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಇಲ್ಲ ಎಂಬ ಉತ್ತರವಲ್ಲದೆ ಬೇರೇನೂ ಅವರಲ್ಲಿರಲಿಲ್ಲ.

ಒಂದು ವಾರ ವಿಚಾರಣೆ ನಡೆಯಿತು. ಜ್ಯೂರಿಯವರು ಒಳಗೆ ಹೋಗಿ ಒಂದು ಗಂಟೆಯೊಳಗೆ ಹೊರಬಂದರು. ಪತ್ರಿಕೆ ಮಾನನಷ್ಟ ಮಾಡಿದ್ದು ಹೌದು, ತೀರ್ಪು ಕ್ಯಾಡ್ಬರಿಯವರ ಕಡೆಗೆ. ಪರಿಹಾರದ ಮೊತ್ತ ಒಂದು ಫಾರ್ದಿಂಗ್. ಆಗ ನಮ್ಮ ರೂಪಾಯಿಗೆ ಹದಿನಾರು ಪೆನ್ನಿಯ ದರ. ಪೆನ್ನಿಗೆ ಒಂದಾಣೆ ಎಂದಾಯಿತು. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲುಭಾಗ. ಕಾಲಾಣೆ, ನಮ್ಮ ಹಿರಿಯರ ಲೆಕ್ಕದಲ್ಲಿ ಮೂರು ಕಾಸು. ಮೂರು ಕಾಸಿನ ಬೆಲೆಯಿಲ್ಲ ಎಂದು ನಾವು ಬಯ್ಯುತ್ತೇವೆ. ಬರ್ಮಿಂಗ್‌ಹ್ಯಾಮಿನ ಹನ್ನೆರಡು ಮಂದಿ ಗೃಹಸ್ಥರು ತಮ್ಮ ಊರಿನ ಅತ್ಯಂತ ಗೌರವಾನ್ವಿತ ಮನೆತನದ ಮಾನಕ್ಕೆ ಸರಿಯಾಗಿ ಮೂರು ಕಾಸಿನ ಬೆಲೆ ಕಟ್ಟಿದರು. ಕಾನೂನಿನಲ್ಲಿ ಗೆದ್ದಿರಿ, ಆದರೆ ಎಂಟು ವರ್ಷ ತಡಮಾಡಿದಿರಿ. ಆ ನಾಣ್ಯವನ್ನು ಹೀಗಲ್ಲದೆ ಬೇರೆ ರೀತಿಯಲ್ಲಿ ಓದುವುದು ನನಗೆ ಸಾಧ್ಯವಾಗಿಲ್ಲ.

ಹಾಗಾದರೆ ಕೂಟ ಕಪಟದ್ದೇ? ಹಾಗೆನ್ನುವವರಿದ್ದಾರೆ. ಅಷ್ಟರೊಳಗೆ ಬ್ರಿಟಿಷರ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾದಲ್ಲಿ, ಸಣ್ಣ ರೈತರು ತಮ್ಮ ಹೊಲಗಳಲ್ಲಿಯೇ ಕೋಕೋ ಬೆಳೆಯತೊಡಗಿದ್ದರು. ಬೇರೆ ಮಾಲು ಸಿಗುವವರೆಗೆ ಕಾದು, ಸಿಕ್ಕ ಮೇಲೆ ಧರ್ಮ ನುಡಿದರು ಎಂಬುದು ಅವರ ವಾದ. ಅಷ್ಟು ಕಠಿನವಾಗಿ ಹೇಳಲು ನಾನು ಒಪ್ಪಲಾರೆ. ಹಣ ವೆಚ್ಚ ಮಾಡಿ ಸತ್ಯವನ್ನು ತಾವಾಗಿ ಹುಡುಕಿಸಿದ ಕಂಪೆನಿಗಳು ಆ ಕಾಲದಲ್ಲಿ ಎಷ್ಟಿದ್ದುವು? ಬಹಿಷ್ಕಾರದಿಂದ ಫಲವೂ ಇಲ್ಲದಿರಲಿಲ್ಲ. 1909ರಲ್ಲಿಯೇ ಪೋರ್ಚುಗೀಸ್ ಸರ್ಕಾರ ಅಂಗೋಲದಲ್ಲಿ ಆಳು ಹಿಡಿಯುವುದನ್ನು ಕೆಲಕಾಲ ನಿಲ್ಲಿಸಿತು. 1910ರ ಕ್ರಾಂತಿಯ ಮೇಲೆ ಬಂದ ಗಣರಾಜ್ಯದ ಕಾಲದಲ್ಲಿ ಊರಿಗೆ ಮರಳುವವರ ಸಂಖ್ಯೆ ಏರತೊಡಗಿತು. ಬೇರೆ ದೇಶಗಳ ಕೊಳ್ಳುಗರು ಉಳಿದುಕೊಂಡದ್ದರಿಂದ ದ್ವೀಪದ ವ್ಯಾಪಾರವೇನೋ ನಿಲ್ಲಲಿಲ್ಲ.

ನನ್ನ ದೃಷ್ಟಿಯಲ್ಲಿ ದೋಷವಿದ್ದದ್ದು ವ್ಯಕ್ತಿಗಳ ಮನಸ್ಸಿನಲ್ಲಲ್ಲ, ಕೂಟದ ಸ್ವಭಾವದಲ್ಲಿ. ಹಲವರು ಕೂಡಿ ನಡೆಯುವಾಗ ಎಲ್ಲರಿಗಿಂತ ನಿಧಾನವಾದವನ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗುತ್ತದೆ. ಹಲವರು ಕೂಡಿ ಬರೆಯುವಾಗ ಎಲ್ಲಕ್ಕಿಂತ ಮೆತ್ತಗಿನ ಪದವೇ ಉಳಿಯುತ್ತದೆ. ಕಾಲೇಜಿನಲ್ಲಿ ಸಮಿತಿಗಳ ನಡಾವಳಿ ಬರೆದು ಬರೆದು ನನಗೆ ಇದು ಅನುಭವದಿಂದ ಗೊತ್ತು. ‘ಖಂಡಿಸಲಾಯಿತು’ ಎಂದು ಬರೆದದ್ದು ಎರಡನೆಯ ಓದಿಗೆ ‘ವಿಷಾದಿಸಲಾಯಿತು’ ಎಂದಾಗಿ, ಮೂರನೆಯದಕ್ಕೆ ‘ಗಮನಿಸಲಾಯಿತು’ ಎಂದಾಗುತ್ತದೆ. ಅಲ್ಲಿ ಯಾರೂ ದುಷ್ಟರಲ್ಲ. ಆ ಪದದಿಂದ ನಷ್ಟವಾಗುವವನು ಮಾತ್ರ ಸಭೆಯಲ್ಲಿರುವುದಿಲ್ಲ. ಬೋರ್ನ್‌ವಿಲ್ಲಿನ ಮೇಜಿನ ಸುತ್ತ ಕಾರ್ಖಾನೆಯವರಿದ್ದರು, ಲಿಸ್ಬನ್ನಿನಲ್ಲಿ ತೋಟದೊಡೆಯರಿದ್ದರು, ಲಂಡನ್ನಿನಲ್ಲಿ ಮಂತ್ರಿಗಳಿದ್ದರು. ಕೊರಳಿನಲ್ಲಿ ತಗಡಿನ ಬಿಲ್ಲೆಯಿದ್ದವನು ಯಾವ ಮೇಜಿನ ಬಳಿಯೂ ಇರಲಿಲ್ಲ. ತಡವಾದ ಒಂದೊಂದು ದಿನದ ಬೆಲೆಯನ್ನು ತೆತ್ತವನು ಅವನು.

ಕೂಡುವ ಶಕ್ತಿ ಎರಡಲಗಿನ ಕತ್ತಿ ಎಂಬುದಕ್ಕೆ ಅದೇ ಗೋಲ್ಡ್ ಕೋಸ್ಟಿನಲ್ಲಿ ಇನ್ನೊಂದು ನಿದರ್ಶನ ದೊರೆಯುತ್ತದೆ. 1937ರಲ್ಲಿ ಅಲ್ಲಿ ಕೋಕೋ ಕೊಳ್ಳುತ್ತಿದ್ದ ಯುರೋಪಿನ ದೊಡ್ಡ ಕಂಪೆನಿಗಳು ತಮ್ಮೊಳಗೆ ಪೈಪೋಟಿ ಬೇಡವೆಂದು ಒಪ್ಪಂದ ಮಾಡಿಕೊಂಡುವು. ಕ್ಯಾಡ್ಬರಿಯೂ ಅವುಗಳಲ್ಲಿ ಒಂದು. ಈ ಸಲದ ಕೂಟ ಗುಲಾಮರಿಗಾಗಿ ಅಲ್ಲ, ಬೆಲೆಗಾಗಿ. ರೈತರಿಗೆ ಸಿಟ್ಟು ಬಂದಿತು. ಅವರೂ ಕೂಡಿದರು. 1937ರ ಅಕ್ಟೋಬರಿನಿಂದ ಮರುವರ್ಷದ ಏಪ್ರಿಲಿನವರೆಗೆ ಕೋಕೋ ಮಾರುವುದಿಲ್ಲವೆಂದು ಹಟ ಹಿಡಿದು ಕುಳಿತರು. ಕೊನೆಗೆ ಬ್ರಿಟಿಷ್ ಸರ್ಕಾರ ಆಯೋಗವನ್ನು ಕಳಿಸಬೇಕಾಯಿತು, ಒಪ್ಪಂದ ಬಿದ್ದುಹೋಯಿತು. 1909ರ ಕೂಟಕ್ಕೆ ಎಂಟು ವರ್ಷ ಹಿಡಿದದ್ದನ್ನೂ, 1937ರ ಕೂಟ ಮುರಿಯಲು ಎಂಟು ತಿಂಗಳೂ ಹಿಡಿಯದಿದ್ದುದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡನೆಯದರಲ್ಲಿ ನೋವುಂಡವರೇ ಎದುರಿಗೆ ಕುಳಿತಿದ್ದರು.

ಇದೆಲ್ಲ ಹಳೆಯ ಮಾತು ಎನ್ನುವಂತಿಲ್ಲ. 2001ರಲ್ಲಿ ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಮಕ್ಕಳ ದುಡಿಮೆಯ ಸುದ್ದಿ ಹಬ್ಬಿತು. ಮಕ್ಕಳ ಗುಲಾಮಗಿರಿಯಿಲ್ಲದ ಚಾಕೊಲೇಟಿಗೆ ಸರ್ಕಾರವೇ ಮುದ್ರೆ ಹಾಕುವ ವ್ಯವಸ್ಥೆಯಾಗಬೇಕೆಂಬ ಸೂಚನೆ ಅಮೆರಿಕದ ಪ್ರತಿನಿಧಿಸಭೆಯಲ್ಲಿ 291 ಮತಗಳಿಂದ ಗೆದ್ದಿತು. ಆದರೆ ಅದು ಶಾಸನವಾಗಲಿಲ್ಲ. ಅದರ ಬದಲಿಗೆ ಆ ಸೆಪ್ಟೆಂಬರಿನಲ್ಲಿ ಚಾಕೊಲೇಟ್ ಉದ್ದಿಮೆಯ ಎಂಟು ಕಂಪೆನಿಗಳ ಮುಖ್ಯಸ್ಥರು ಕೂಡಿ, ಮಕ್ಕಳ ದುಡಿಮೆಯ ಅತಿಹೀನ ರೂಪಗಳನ್ನು ನಿವಾರಿಸುತ್ತೇವೆಂದು ಪತ್ರವೊಂದಕ್ಕೆ ಸಹಿ ಹಾಕಿದರು. ಹಾರ್ಕಿನ್ ಮತ್ತು ಎಂಗೆಲ್ ಎಂಬ ಇಬ್ಬರು ಶಾಸಕರ ಹೆಸರು ಆ ಪತ್ರಕ್ಕೆ ಅಂಟಿಕೊಂಡಿತು. ಗಡುವು 2005. ಅದು ತಪ್ಪಿ 2008 ಆಯಿತು. ಅದೂ ತಪ್ಪಿ, 2020ರೊಳಗೆ ನೂರಕ್ಕೆ ಎಪ್ಪತ್ತರಷ್ಟು ಕಡಮೆಮಾಡುವುದು ಎಂಬ ಹೊಸ ಮಾತು 2010ರಲ್ಲಿ ಬಂದಿತು. 2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರದ ವರದಿ ಪ್ರಕಟವಾದಾಗ, ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ ಕೋಕೋ ದುಡಿಮೆಯಲ್ಲಿದ್ದ ಮಕ್ಕಳ ಸಂಖ್ಯೆ ಸುಮಾರು 15 ಲಕ್ಷ 60 ಸಾವಿರ. ಶಾಲೆಗಳು ಎದ್ದಿವೆ, ಗ್ರಾಮಗಳಲ್ಲಿ ಕಾವಲು ವ್ಯವಸ್ಥೆ ಬಂದಿದೆ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಗಡುವು ತಪ್ಪಿದ ಮರುದಿನ ಸಹಿ ಹಾಕಿದವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಒಂದು ಶಾಸನಕ್ಕೆ ಬದಲಾಗಿ ಬಂದ ಮಾತು ಶಾಸನದ ಕೆಲಸವನ್ನು ಮಾಡಲಿಲ್ಲ.

ಹಾಗೆಂದು ಕಂಪೆನಿಗಳು ಕೂಡುವುದೇ ವ್ಯರ್ಥವೆಂದು ಹೇಳಿ ಕೈತೊಳೆದುಕೊಳ್ಳಲು ಬರುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಮಿಕ್ಕಿ ಉಡುಪು ಕಾರ್ಮಿಕರು ಸತ್ತರು. ಮರುತಿಂಗಳು ಸಿದ್ಧವಾದ ಒಡಂಬಡಿಕೆಗೆ ಬಟ್ಟೆ ಕೊಳ್ಳುವ ಕಂಪೆನಿಗಳು ಸಹಿ ಹಾಕಿದವು. ಅವುಗಳ ಸಂಖ್ಯೆ 200ನ್ನು ದಾಟಿತು. ಆದರೆ ಆ ಕಾಗದದಲ್ಲಿ ಇನ್ನೊಂದು ಪಕ್ಷದ ಸಹಿಯೂ ಇತ್ತು, ಕಾರ್ಮಿಕ ಸಂಘಗಳದ್ದು. ಮಾತು ತಪ್ಪಿದ ಕಂಪೆನಿಯನ್ನು ಪಂಚಾಯಿತಿಯ ಮುಂದೆ ಎಳೆಯುವ ಹಕ್ಕು ಸಂಘಗಳಿಗಿತ್ತು. ಎಳೆದದ್ದೂ ಉಂಟು. ಹೇಗ್ ನಗರದ ಪಂಚಾಯಿತಿ ನ್ಯಾಯಾಲಯಕ್ಕೆ ಹೋದ ವ್ಯಾಜ್ಯವೊಂದರಲ್ಲಿ 2018ರಲ್ಲಿ ಕಂಪೆನಿಯೊಂದು 20 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿಯಾಯಿತು. ಆ ಹಣದ ಬಹುಭಾಗ ಕಾರ್ಖಾನೆಗಳನ್ನು ಸುಭದ್ರಗೊಳಿಸಲು. ಸಾವಿರಾರು ಜೀವಗಳ ಮೇಲೆ ಕಟ್ಟಿದ ಪಾಠ ಅದು, ಆದರೂ ಪಾಠವೇ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಹಳೆಯ ಮಾತಿಗೆ ಎರಡು ಷರತ್ತುಗಳನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಒಗ್ಗಟ್ಟಿನ ಮೇಜಿನ ಬಳಿ ದುಡಿಯುವವನಿಗೂ ಒಂದು ಪೀಠವಿರಬೇಕು. ಕೊಟ್ಟ ಮಾತಿಗೆ ಒಂದು ತಾರೀಖಿರಬೇಕು, ತಾರೀಖು ತಪ್ಪಿದರೆ ತೆರಬೇಕಾದ ದಂಡವಿರಬೇಕು.

ನಮ್ಮ ತೋಟದ ಕಥೆ ಅರ್ಧದಲ್ಲಿ ನಿಂತಿತು. ಅಡಿಕೆ ಬೆಳೆಗಾರರು 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿಕೊಂಡಿದ್ದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ, ಕೊಳ್ಳುವವರಿಲ್ಲದೆ ಕೋಕೋ ಬೆಲೆ ಬಿದ್ದ ಆ ದಿನಗಳಲ್ಲಿ ಮುಂದೆ ಬಂದು ಬೀಜ ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿಯೇ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ನಮ್ಮ ಕಷ್ಟಕ್ಕೂ ಅಂಗೋಲದವರ ಸಂಕಟಕ್ಕೂ ಹೋಲಿಕೆಯೇ ಇಲ್ಲ. ನಮ್ಮದು ಅಳಿಲಿನ ಪಾಲಾದ ಕಾಯಿ, ಅವರದು ಬಾಳು. ಆದರೂ ಒಂದು ಸಂಗತಿ ನೆನಪಿನಲ್ಲಿದೆ. ಆ ಸಹಕಾರಿಯ ಸಭೆಯೊಂದಕ್ಕೆ ಹೋಗಿಬಂದ ತಂದೆಯವರು ಜಗಲಿಯಲ್ಲಿ ಕುಳಿತು, ಬೆಲೆ ಸಾಲದೆಂದು ಅಲ್ಲಿ ತಾವು ಎದ್ದುನಿಂತು ಜಗಳವಾಡಿದ್ದನ್ನು ವರ್ಣಿಸಿದರು. ಬೆಲೆ ಹೆಚ್ಚಾಯಿತೇ ಎಂದು ತಾಯಿ ಕೇಳಿದರು. ಇಲ್ಲ ಎಂದರು. ಆದರೆ ಅವರ ಮುಖದಲ್ಲಿ, ಆ ಸಜ್ಜನ ಬಂದುಹೋದ ದಿನ ಕಂಡಿದ್ದ ಕಳೆಗುಂದಿದ ಭಾವವಿರಲಿಲ್ಲ. ಮೇಲಿನವರು ಯಾರೆಂಬುದು ಈ ಸಲ ಅವರಿಗೆ ಗೊತ್ತಿತ್ತು; ಎದುರಿಗೆ ನಿಂತು ಕೇಳಿಯೂ ಆಗಿತ್ತು.

(ಆಕಾಶವಾಣಿಯಲ್ಲಿ ಬಿತ್ತರಗೊಂಡ ಭಾಷಣ)